ಅಕ್ಕನ ಕೊಬ್ಬಿಗೆ ಹಿಡಿದ ತುಕ್ಕು

ಬಣ್ಣ ಬದಲಾಯಿಸುವ ನೀರನ್ನು ಕಂಡರೆ ಮನುಷ್ಯರಿಗೆ ಯಾಕೆ ಅಷ್ಟೊಂದು ಭಕ್ತಿಯೋ ನನಗೆ ಇಂದಿಗೂ ಅರ್ಥವಾಗಿಲ್ಲ. ಓದಿದ ಡಾಕ್ಟರು ಎದುರಿಗೆ ಕೂರಿಸಿಕೊಂಡು, ನಿಮ್ಮ ಮೈಯಲ್ಲಿ ಹೀಗಾಗಿದೆ, ಹೀಗೇ ಬಿಟ್ಟರೆ ಹಾಗಾಗುತ್ತದೆ ಎಂದು ಗಂಟಲು ಹರಿಯುವವರೆಗೆ ಹೇಳಿದರೂ ತಲೆಯಾಡಿಸಿ ಮನೆಗೆ ಬಂದು ಮರೆಯುವ ಜನ, ಒಂದು ಗಾಜಿನ ಕೊಳವೆಯಲ್ಲಿ ನೀರು ಗುಲಾಬಿಯಾದದ್ದನ್ನು ಕಂಡರೆ ಕೈಮುಗಿದು ನಿಲ್ಲುತ್ತಾರೆ. ಏನು ಗುಲಾಬಿಯಾಯಿತು, ಯಾಕೆ ಆಯಿತು ಎಂದು ಒಬ್ಬರೂ ಕೇಳುವುದಿಲ್ಲ. ಇದನ್ನು ನಾನು ತಿರಸ್ಕಾರದಿಂದಲೇ ಹೇಳುತ್ತಿದ್ದೇನೆ. ಆದರೆ ತಿರಸ್ಕಾರ ಮಾಡುವಾಗ ಧ್ವನಿ ಸ್ವಲ್ಪ ತಗ್ಗಿಸಬೇಕಾಗುತ್ತದೆ, ಏಕೆಂದರೆ ನಾನು ಹಾನಗಲ್ಲಿನ ಒಂದು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು, ಮತ್ತು ನನ್ನ ಹೆಸರಿಗೆ ಡಾಕ್ಟರೇಟು ಅಂಟಿಕೊಂಡದ್ದು ಇಂಥದೇ ಒಂದು ಗುಲಾಬಿ ಬಣ್ಣದಿಂದ.

ವಿಷಯ ಬಹಳ ದೊಡ್ಡದೇನಲ್ಲ. ಶೇಂಗಾ ಎಣ್ಣೆಯನ್ನು ಮುಚ್ಚಳ ತೆಗೆದು ಬಿಸಿಲಲ್ಲಿಟ್ಟರೆ ಕಮಟು ವಾಸನೆ ಬರುತ್ತದಲ್ಲ, ನಮ್ಮ ಮೈಯೊಳಗಿನ ಕೊಬ್ಬಿಗೂ ಅದೇ ಗತಿ. ಗಾಳಿಯ ಆಮ್ಲಜನಕ ತಗುಲಿ ಕೊಬ್ಬು ಕೆಡುತ್ತದೆ, ಕೆಟ್ಟು ಚೂರಾಗುತ್ತದೆ. ಇದಕ್ಕೆ ಲಿಪಿಡ್ ಪೆರಾಕ್ಸಿಡೇಶನ್ ಎಂಬ ಹೆಸರಿಟ್ಟು ಲೋಕದ ಪಂಡಿತರೆಲ್ಲ ಗಂಭೀರರಾಗಿದ್ದಾರೆ. ಕೆಟ್ಟ ಕೊಬ್ಬನ್ನು ನೇರವಾಗಿ ಅಳೆಯುವುದು ಕಷ್ಟ, ಆದ್ದರಿಂದ ಅದರಿಂದ ಉದುರಿದ ಒಂದು ಚೂರನ್ನು ಹಿಡಿದು, ಅದಕ್ಕೆ ಒಂದು ರಾಸಾಯನಿಕ ಬೆರೆಸಿ ಕುದಿಸುತ್ತಾರೆ. ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಕೊಬ್ಬು ಹೆಚ್ಚು ಕೆಟ್ಟಿದೆ ಎಂದು ಲೆಕ್ಕ. ಮದುವೆಗೆ ಎಷ್ಟು ಜನ ಬಂದಿದ್ದರು ಎಂದು ಹಿತ್ತಲಲ್ಲಿ ಬಿದ್ದ ಉಂಡೆಲೆ ಎಣಿಸಿ ಹೇಳಿದ ಹಾಗೆ. ಉಣ್ಣದೆ ಹೋದವರಿದ್ದಾರೆ, ಎರಡು ಪಂಕ್ತಿ ಕೂತವರಿದ್ದಾರೆ, ಪಕ್ಕದ ಛತ್ರದ ಎಲೆಯೂ ಗಾಳಿಗೆ ಹಾರಿ ಬಂದಿರುತ್ತದೆ. ಆ ರಾಸಾಯನಿಕ ಬೇರೆ ಚೂರು ಕಂಡರೂ ಬಣ್ಣ ತೋರಿಸುತ್ತದೆ, ಇನ್ನೇನೋ ಕಂಡರೂ ತೋರಿಸುತ್ತದೆ. ಕುದಿಸುವಾಗ ಕೊಳವೆಯೊಳಗಿದ್ದ ಒಳ್ಳೆಯ ಕೊಬ್ಬೂ ಕೆಟ್ಟು ಹೋಗುತ್ತದೆ, ಅಂದರೆ ಅಳೆಯಲು ಹೊರಟವನೇ ಅಳತೆಯನ್ನು ಹೆಚ್ಚಿಸುತ್ತಾನೆ.

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮುಮ್ತಾಜ್ ಸವಣೂರಿನವಳು. ಒಮ್ಮೆ ತವರಿಗೆ ಹೋದವಳು ನನಗಾಗಿ ಅಲ್ಲಿಂದ ಆಡಿನ ರಕ್ತ ತಂದುಕೊಟ್ಟಳು. ಬಸ್ಸಿನ ಕುಲುಕಾಟಕ್ಕೆ ರಕ್ತದ ಕಣಗಳೆಲ್ಲ ಒಡೆದು, ಹಾನಗಲ್ ಮುಟ್ಟುವ ಹೊತ್ತಿಗೆ ಆ ಆಡು ಜಗತ್ತಿನಲ್ಲೇ ಅತ್ಯಂತ ಕೆಟ್ಟ ಕೊಬ್ಬಿನ ಪ್ರಾಣಿಯಾಗಿತ್ತು. ನಾನು ಅಳೆದದ್ದು ಆಡನ್ನೋ ರಸ್ತೆಯ ಗುಂಡಿಗಳನ್ನೋ ಎಂದು ಅವಳು ಕೇಳಿದಳು. ಇಂಥ ಸಂಶಯಗಳನ್ನೆಲ್ಲ ಪ್ರಬಂಧದ ಕೊನೆಯ ಪುಟದಲ್ಲಿ 'ಇತಿಮಿತಿಗಳು' ಎಂಬ ತಲೆಬರಹದ ಕೆಳಗೆ ಬರೆಯುವ ಪದ್ಧತಿಯಿದೆ. ಆ ಪುಟವನ್ನು ಯಾರೂ ಓದುವುದಿಲ್ಲವೆಂಬುದು ಬರೆಯುವವರಿಗೆಲ್ಲ ಗೊತ್ತು.

ಹೀಗೆ ನೆಮ್ಮದಿಯಿಂದಿದ್ದ ನನಗೆ ಹಿರೇಕೆರೂರಿನಿಂದ ಅಕ್ಕನ ಫೋನು ಬಂತು. ನೀಲಕ್ಕ ನನಗಿಂತ ದೊಡ್ಡವಳು, ವಯಸ್ಸಿನಲ್ಲೂ ಸುತ್ತಳತೆಯಲ್ಲೂ. ಭಾವನದು ಗೋವಿನಜೋಳದ ವ್ಯಾಪಾರ. ಆದರೆ ಜೋಳ ಯಾವತ್ತು ಮಾರಬೇಕು, ಯಾರಿಗೆ ಮಾರಬಾರದು ಎಂದು ತೀರ್ಮಾನಿಸುವವಳು ಅಕ್ಕ. ಬಹಳ ವರ್ಷಗಳಿಂದ ಅವಳಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ ನುಂಗುತ್ತ, ನುಂಗಿದ್ದಕ್ಕೆ ಲೋಕವನ್ನೆಲ್ಲ ಬೈಯುತ್ತ ಚೆನ್ನಾಗಿಯೇ ಇದ್ದಳು. ಆ ದಿನ ಫೋನಿನಲ್ಲಿ ಮಾತ್ರ ದನಿ ಸಣ್ಣದಾಗಿತ್ತು.

"ಸುಮಾ, ನನ್ನ ಕೊಬ್ಬಿಗೆ ತುಕ್ಕ ಹಿಡದೈತಂತ."

ಅಕ್ಕನ ಕೊಬ್ಬಿನ ಬಗ್ಗೆ ನಮ್ಮ ಬೀಗರೆಲ್ಲ ಬಹಳ ಹಿಂದಿನಿಂದ ಮಾತಾಡುತ್ತಿದ್ದರು, ಆದರೆ ಅದು ಬೇರೆ ಅರ್ಥದಲ್ಲಿ. ಈ ತುಕ್ಕಿನ ಸುದ್ದಿ ಹೊಸದು. ಕೇಳಿದರೆ, ವೀರೇಶ ಎಂಬುವನು ಸಂತೆಯ ದಿನ ಬಂದು ಮೂತ್ರ ಪರೀಕ್ಷೆ ಮಾಡಿದನಂತೆ. ಬೆರಳುದ್ದದ ಗಾಜಿನ ಸೀಸೆಯಲ್ಲಿ ಏನೋ ಔಷಧ, ಅದಕ್ಕೆ ನಾಲ್ಕು ಹನಿ ಮೂತ್ರ ಹಾಕಿದರೆ ಬಣ್ಣ. ಅಕ್ಕನದು ಕಡುಗುಲಾಬಿಯಾಯಿತಂತೆ. ಗುಲಾಬಿಯೆಂದರೆ ಮೈಯ ಕೊಬ್ಬೆಲ್ಲ ತುಕ್ಕು ಹಿಡಿದಿದೆ, ಅದಕ್ಕೆ ಅವನ ಕಂಪನಿಯ ನೇರಳೆ ಬಣ್ಣದ ರಸವೊಂದೇ ಮದ್ದು. ಆ ರಸವನ್ನು ದೊಡ್ಡ ತಂಬಿಗೆ ನೀರಿಗೆ ಬೆರೆಸಿ ದಿನವಿಡೀ ಕುಡಿಯಬೇಕು. ಅಷ್ಟು ಕೇಳುತ್ತಲೇ ನನಗೆ ಆ ಸೀಸೆಯೊಳಗೆ ಏನಿದೆ ಎಂದು ಗೊತ್ತಾಯಿತು. ನಾನು ಪ್ರಯೋಗಶಾಲೆಯಲ್ಲಿ ಕುದಿಸಿ ಕಾಣುತ್ತಿದ್ದುದನ್ನೇ ಆತ ಕುದಿಸದೆ ಸಂತೆಗೆ ತಂದಿದ್ದ.

ರಜೆಯ ದಿನ ಹಿರೇಕೆರೂರಿಗೆ ಹೋದೆ. ವೀರೇಶ ಅಕ್ಕನ ಪಡಸಾಲೆಯಲ್ಲೇ ಸಿಕ್ಕ. ಮೊದಲು ಬೀಜದ ಕಂಪನಿಯಲ್ಲಿದ್ದವನು, ನಡುವೆ ನೀರು ಶುದ್ಧ ಮಾಡುವ ಯಂತ್ರ ಮಾರುತ್ತಿದ್ದ, ಈಗ ಅಂಗಿಯ ಜೇಬಿನ ಮೇಲೆ 'ಆರೋಗ್ಯ ಮಾರ್ಗದರ್ಶಿ' ಎಂಬ ಬಿಲ್ಲೆ ಹಾಕಿಕೊಂಡಿದ್ದ. ನನ್ನನ್ನು ಕಂಡದ್ದೇ ಎದ್ದು ನಿಂತು, ಬರ್ರಿ ಮೇಡಂ, ಕುಂತ್ರಿ ಎಂದು ನನ್ನ ಅಕ್ಕನ ಮನೆಯಲ್ಲಿ ನನಗೇ ಉಪಚಾರ ಮಾಡಿದ. ನಾನು ಪಾಠ ಶುರು ಮಾಡಿದೆ. ಸಂತೆಯ ದಿನ ಅಕ್ಕ ಮೆಣಸಿನಕಾಯಿ ಭಜಿ ತಿಂದಿರುತ್ತಾಳೆ. ಕರಿದ ಎಣ್ಣೆಯಲ್ಲಿರುವ ಕೆಟ್ಟ ಕೊಬ್ಬೇ ಮೂತ್ರದಲ್ಲಿ ಬಂದು ಬಣ್ಣ ತೋರಿಸುತ್ತದೆ. ತುಕ್ಕು ಹಿಡಿದದ್ದು ಅಕ್ಕನಿಗಲ್ಲ, ಭಜಿಯ ಬಾಣಲೆಗೆ. ನೀರು ಕಡಿಮೆ ಕುಡಿದರೆ ಮೂತ್ರ ಗಟ್ಟಿ, ಬಣ್ಣ ಗಾಢ. ಒಂದು ತಂಬಿಗೆ ನೀರು ಕುಡಿದರೆ ಮೂತ್ರ ತೆಳು, ಬಣ್ಣ ತಿಳಿ. ನಿನ್ನ ರಸ ಬೇಕಿಲ್ಲ, ಅದನ್ನು ಬೆರೆಸುವ ನೀರೇ ಸಾಕು ಎಂದೆ. ವೀರೇಶ ಒಂದು ಮಾತಿಗೂ ಎದುರಾಡಲಿಲ್ಲ. ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದ, ಗಿರಾಕಿಯ ದೂರು ಕೇಳುವವನ ಹಾಗೆ.

ಪಕ್ಕದಲ್ಲಿ ಕೂತಿದ್ದ ಭಾವ ಬಾಯಿಬಿಟ್ಟಾಗಲೇ ನನಗೆ ತಿಳಿದದ್ದು, ಅಕ್ಕ ಸಕ್ಕರೆಯ ಗುಳಿಗೆ ಬಿಟ್ಟಿದ್ದಾಳೆ ಎಂದು. ನಾನು ವೀರೇಶನ ಮೇಲೆ ಹರಿಹಾಯ್ದೆ.

"ಗುಳಿಗಿ ಬಿಡ್ರಿ ಅಂತ ನಾ ಯಾವತ್ತೂ ಹೇಳಿಲ್ರಿ ಮೇಡಂ," ಎಂದ ಆತ ಮೆಲ್ಲಗೆ. "ದೇಹ ತಾನ ಹೇಳತೈತ್ರಿ. ನಾವು ಬರೇ ಕೇಳೂ ಮಂದಿ."

ಇಂಥ ಮಾತಿಗೆ ಯಾವ ವಿಶ್ವವಿದ್ಯಾಲಯದಲ್ಲೂ ಉತ್ತರ ಕಲಿಸುವುದಿಲ್ಲ. ನಾನು ಅಕ್ಕನ ಕಡೆ ತಿರುಗಿ, ಈ ಬಣ್ಣಕ್ಕೆ ಅರ್ಥವಿಲ್ಲ, ಇದನ್ನು ನಂಬಿ ಗುಳಿಗೆ ಬಿಡುವುದು ಹುಚ್ಚು ಎಂದೆ. ಅಕ್ಕ ಸೀಸೆ ಎತ್ತಿ ನನ್ನ ಮುಖದ ಮುಂದೆ ಹಿಡಿದಳು.

"ನಿನ್ನ ಪಿಎಚ್‌ಡಿನೂ ಇದ ಬಣ್ಣದ್ದ ಅಲ್ಲೇನ? ನಿಂದ ಖರೇ ಆದ್ರ ಇಂವಂದು ಹೆಂಗ ಸುಳ್ಳಾಕ್ಕೈತಿ?"

ಭಾವ ಒಳಗೆದ್ದು ಹೋದರು. ನಾನು ಚಹಾ ಕುಡಿದು ಬಸ್ಸು ಹತ್ತಿದೆ.

ಮುಂದಿನ ದಿನಗಳಲ್ಲಿ ಅಕ್ಕ ಫೋನು ಮಾಡಿದಾಗಲೆಲ್ಲ ಬಣ್ಣದ ವರದಿ. ಕಡುಗುಲಾಬಿ ತಿಳಿಗುಲಾಬಿಯಾಯಿತು, ತಿಳಿಗುಲಾಬಿ ಇನ್ನೂ ತಿಳಿಯಾಯಿತು, ಈಗ ಸೀಸೆಯೊಳಗೆ ಬಣ್ಣವೇ ಇಲ್ಲ. ನಾನು ನೀರಿನ ಮಹಿಮೆ ಎಂದು ಮನಸ್ಸಿನಲ್ಲೇ ನಕ್ಕೆ. ಬಾಯಲ್ಲಿ ಗುಳಿಗೆ ಗುಳಿಗೆ ಎನ್ನುತ್ತಿದ್ದೆ. ಬಣ್ಣ ಹೋದ ಮೇಲೆ ಗುಳಿಗೆ ಯಾತಕ್ಕೆ ಎಂದು ಅಕ್ಕ ಕೇಳುತ್ತಿದ್ದಳು. ಅಷ್ಟರಲ್ಲಿ ಶಿಗ್ಗಾವಿಯ ಒಂದು ಕಲ್ಯಾಣ ಮಂಟಪದಲ್ಲಿ ಆ ಕಂಪನಿಯವರ ಸಮಾವೇಶ ಎಂದು ಸುದ್ದಿ ಬಂತು. ಗುಣವಾದವರು ವೇದಿಕೆ ಹತ್ತಿ ಅನುಭವ ಹೇಳುವುದು, ಅವರಲ್ಲಿ ನಮ್ಮ ಅಕ್ಕನೂ ಒಬ್ಬಳು. ನಾನು ಅಲ್ಲಿಗೇ ಹೋಗಿ, ನಾಲ್ಕು ಜನರೆದುರಿಗೆ ಸತ್ಯ ಹೇಳಿಬಿಡಬೇಕೆಂದು ನಿಶ್ಚಯಿಸಿದೆ. ಮುಮ್ತಾಜ್ ಬೇಡವೆಂದಳು. ಅಲ್ಲಿಗೆ ಬರುವವರು ಸತ್ಯ ಕೇಳಲು ಬರುವುದಿಲ್ಲ, ಊಟ ಚೆನ್ನಾಗಿರುತ್ತದೆಂದು ಬರುತ್ತಾರೆ, ನೀನು ಊಟ ತಡ ಮಾಡಿಸಬೇಡ ಎಂದಳು. ನಾನು ಅವಳ ಮಾತು ಕೇಳಲಿಲ್ಲ.

ಶಿಗ್ಗಾವಿಯಲ್ಲಿ ನಾನು ಬಾಗಿಲಲ್ಲಿ ಕಾಲಿಟ್ಟದ್ದೇ ತಡ, ವೀರೇಶ ಓಡಿ ಬಂದು ನನ್ನನ್ನು ವೇದಿಕೆಗೆ ಕರೆದೊಯ್ದ. ಇದೇ ವಿಷಯದಲ್ಲಿ ಡಾಕ್ಟರೇಟ್ ಪಡೆದ ಮೇಡಂ ನಮ್ಮ ನಡುವೆ ಇದ್ದಾರೆ ಎಂದು ಮೈಕಿನಲ್ಲಿ ಸಾರಿ ಶಾಲು ಹೊದಿಸಿದ. ಒಳ್ಳೆಯದೇ ಆಯಿತು, ಮೈಕು ತಾನಾಗಿ ಕೈಗೆ ಬಂತು ಎಂದುಕೊಂಡು ನಾನು ಆ ಪರೀಕ್ಷೆಯ ದೋಷಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಹೇಳಿದೆ. ಬೇರೆ ವಸ್ತುಗಳೂ ಬಣ್ಣ ಕೊಡುತ್ತವೆ ಎಂದೆ, ತಿಂದದ್ದು ಕುಡಿದದ್ದು ಅಳತೆ ಕೆಡಿಸುತ್ತದೆ ಎಂದೆ, ಮಾದರಿ ಇಟ್ಟಲ್ಲೇ ಕೆಡುತ್ತದೆ ಎಂದೆ. ಸಿಟ್ಟಿನಲ್ಲಿ ನನ್ನ ಕನ್ನಡ ಬಹಳ ಗ್ರಾಂಥಿಕವಾಗುತ್ತದೆ. ಆಲ್ಡಿಹೈಡು, ಪೆರಾಕ್ಸೈಡು ಎಂಬ ಮಾತು ಬಂದಲ್ಲೆಲ್ಲ ಮುಂದಿನ ಸಾಲಿನವರು ಮೆಚ್ಚಿ ತಲೆದೂಗಿದರು. ಮುಗಿಸಿದಾಗ ಬಿದ್ದ ಚಪ್ಪಾಳೆ ನನ್ನ ಜೀವಮಾನದಲ್ಲಿ ಇನ್ಯಾವ ಭಾಷಣಕ್ಕೂ ಬಿದ್ದಿಲ್ಲ. ನಮ್ಮ ಪರೀಕ್ಷೆಯ ಮೇಲೆ ಇಷ್ಟು ಆಳವಾದ ಸಂಶೋಧನೆ ನಡೆದಿದೆಯೆಂದು ನಮಗೇ ಗೊತ್ತಿರಲಿಲ್ಲ ಎಂದು ವೀರೇಶ ಧನ್ಯವಾದ ಹೇಳಿದ. ಅದೇ ಸಂಜೆ ಶಾಲು ಹೊದ್ದ ನನ್ನ ಫೋಟೋ, ಪಕ್ಕದಲ್ಲಿ ನೇರಳೆ ಬಾಟಲಿ, ಹಾನಗಲ್ಲಿನ ಎಲ್ಲ ವಾಟ್ಸಾಪ್ ಗುಂಪುಗಳನ್ನು ಸುತ್ತಿ ನಮ್ಮ ಪ್ರಿನ್ಸಿಪಾಲರನ್ನೂ ಮುಟ್ಟಿತು. ಆದರೆ ಅದು ಆಮೇಲಿನ ಮಾತು.

ನನ್ನ ನಂತರ ಅಕ್ಕ ಮಾತಿಗೆ ನಿಂತಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು, ಕುಪ್ಪಸದ ತೋಳು ಜೋತುಬಿದ್ದಿತ್ತು. ಇಳಿದಿದ್ದಾಳೆ ಎಂದು ಆಗ ಗಮನಿಸಿದೆ. ಮಾತು ಶುರು ಮಾಡುವ ಮೊದಲು ನೀರಿನ ಬಾಟಲಿ ಎತ್ತಿ ಗಟಗಟ ಕುಡಿದಳು. ತನ್ನ ಸೀಸೆ ಈಗ ಹೇಗೆ ಕೆರೆಯ ನೀರಿನ ಹಾಗೆ ತಿಳಿಯಾಗಿದೆ ಎಂದು ಹೇಳುವಷ್ಟರಲ್ಲಿ ಮತ್ತೊಂದು ಬಾಟಲಿ ಕೇಳಿದಳು. ಅದನ್ನೂ ಮುಗಿಸಿ, ಮಾತು ಅರ್ಧಕ್ಕೆ ಬಿಟ್ಟು, ಒಂದು ನಿಮಿಷ ಎಂದು ಸನ್ನೆ ಮಾಡಿ ಹಿಂದಿನ ಬಾಗಿಲಿನಿಂದ ಹೋದಳು. ಜನ ಕಾದರು. ಬಂದವಳೇ ಮತ್ತೆ ನೀರು ಕೇಳಿದಳು.

ಶಾಲು ಹೊದ್ದು ಕೂತಿದ್ದ ನನಗೆ ಆಗ ಲೆಕ್ಕ ಹೊಳೆಯಿತು. ಗುಳಿಗೆ ಬಿಟ್ಟ ಮೇಲೆ ಸಕ್ಕರೆ ಏರಿದೆ. ಸಕ್ಕರೆ ಏರಿದ್ದಕ್ಕೆ ಬಾಯಾರಿಕೆ, ಬಾಯಾರಿಕೆಗೆ ನೀರು, ನೀರು ಹೋದಷ್ಟೂ ಮೂತ್ರ ತೆಳು, ತೆಳುವಾದಷ್ಟೂ ಬಣ್ಣ ತಿಳಿ. ಅಕ್ಕ ಮುಳುಗುತ್ತ ಹೋದಳು, ಸೀಸೆ ಆಕೆ ತೇಲುತ್ತಿದ್ದಾಳೆ ಎಂದು ತೋರಿಸುತ್ತ ಬಂತು. ನಾನು, ಇದರಲ್ಲೇ ಡಾಕ್ಟರೇಟ್ ಮಾಡಿದವಳು, ಮೂತ್ರ ತೆಳುವಾದರೆ ಬಣ್ಣ ಕಡಿಮೆ ಎಂದು ಊರಿಗೆಲ್ಲ ಬೋಧಿಸಿದವಳು, ಅಕ್ಕನ ಮೂತ್ರ ಯಾಕೆ ಅಷ್ಟು ತೆಳುವಾಯಿತು ಎಂದು ಒಂದು ಸಲವೂ ಯೋಚಿಸಿರಲಿಲ್ಲ.

ಊಟಕ್ಕೂ ನಿಲ್ಲದೆ ಅಕ್ಕನ ರಟ್ಟೆ ಹಿಡಿದು ಹಾವೇರಿಯ ಬಸ್ಸು ಹತ್ತಿಸಿದೆ. ಹೋಳಿಗೆ ಇತ್ತೆಂದು ದಾರಿಯುದ್ದಕ್ಕೂ ಬೈದಳು. ಆಸ್ಪತ್ರೆಯಲ್ಲಿ ಸಕ್ಕರೆ ಅಳೆದ ಡಾಕ್ಟರು ಯಂತ್ರ ಕೆಟ್ಟಿದೆಯೋ ಏನೋ ಎಂದು ಇನ್ನೊಂದರಲ್ಲಿ ಅಳೆದರು. ಅದೂ ಹಾಗೇ ಹೇಳಿತು. ಚಪ್ಪಲಿ ಬಿಚ್ಚಿಸಿ ನೋಡಿದರೆ ಬಲ ಅಂಗಾಲಿನಲ್ಲಿ ಕೀವು ತುಂಬಿದ ಹುಣ್ಣು. ಅಕ್ಕನಿಗೆ ಅದು ಗೊತ್ತೇ ಇರಲಿಲ್ಲ, ಯಾಕೆಂದರೆ ನೋವಾಗುವಷ್ಟು ಅರಿವು ಆ ಪಾದದಲ್ಲಿ ಉಳಿದಿರಲಿಲ್ಲ. ಇನ್ನಷ್ಟು ದಿನ ಬಿಟ್ಟಿದ್ದರೆ ಬೆರಳೋ ಪಾದವೋ ಹೋಗುತ್ತಿತ್ತು ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತು ಅತ್ತೆ. ಹೆಗಲ ಮೇಲೆ ಇನ್ನೂ ಕಂಪನಿಯ ಶಾಲಿತ್ತು, ಅದರಲ್ಲೇ ಮುಖ ಒರೆಸಿಕೊಂಡೆ.

ಕೆಲವು ದಿನ ಅಲ್ಲಿಟ್ಟುಕೊಂಡು, ಹುಣ್ಣು ಕೊಯ್ದು ಕಟ್ಟಿ, ಗುಳಿಗೆ ಹೆಚ್ಚಿಸಿ ಕಳಿಸಿದರು. ಇನ್ನು ಬುದ್ಧಿ ಬಂದೀತು ಎಂದುಕೊಂಡವಳು ನಾನು. ಅಕ್ಕನನ್ನು ಇಷ್ಟು ವರ್ಷ ನೋಡಿಯೂ ಹಾಗೆಂದುಕೊಂಡೆ. ಮನೆಗೆ ಹೋದ ವಾರದೊಳಗೆ ಅವಳ ಫೋನು. ದನಿ ಮತ್ತೆ ಸಣ್ಣದಾಗಿತ್ತು.

"ಗುಳಿಗಿ ನುಂಗಾಕತ್ತಿಂದ ತುಕ್ಕ ತಿರುಗಿ ಬಂತ್ ನೋಡ. ಸೀಸೆ ಮತ್ತ ಗುಲಾಬಿ ಆಗೇತಿ. ನಾಳಿಂದ ಗುಳಿಗಿ ಬ್ಯಾಡ."

ಬಣ್ಣ ಬರಲೇಬೇಕಾಗಿತ್ತು. ಸಕ್ಕರೆ ಇಳಿಯಿತು, ಬಾಯಾರಿಕೆ ಹೋಯಿತು, ಮೂತ್ರ ಗಟ್ಟಿಯಾಯಿತು, ಬಣ್ಣ ಬಂತು. ಅಕ್ಕ ಗುಣವಾಗುತ್ತಿದ್ದಾಳೆ ಎಂಬುದಕ್ಕೆ ಅದು ಸಾಕ್ಷಿ ಎಂದು ನಾನು ಹಾನಗಲ್ಲಿನಿಂದ ಬಸ್ಸಿನಲ್ಲಿ ಕೂತು ಹೋಗುತ್ತ ವಾಕ್ಯಗಳನ್ನು ಜೋಡಿಸಿಕೊಂಡೆ. ಅವಳ ಅಡಿಗೆಮನೆಯಲ್ಲಿ ಕೂತು ಅದನ್ನೇ ಮೂರು ಬಗೆಯಲ್ಲಿ ಹೇಳಿದೆ. ತಂಬಿಗೆಯಲ್ಲಿ ಕುಂಕುಮ ಕದಡಿ ನೀರು ಬೆರೆಸಿ ತೋರಿಸಿದೆ. ಆಸ್ಪತ್ರೆಯ ಚೀಟಿಯಲ್ಲಿ ಸಕ್ಕರೆ ಇಳಿದ ಅಂಕಿಗೆ ಬೆರಳಿಟ್ಟೆ. ಅದು ಬರೇ ಅಂಕಿ, ಕಣ್ಣಿಗೆ ಕಾಣುವುದು ಇದು ಎಂದು ಅಕ್ಕ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಚೆಂದದ ಗುಲಾಬಿ. ಬ್ಯಾಂಡೇಜು ಸುತ್ತಿದ ಕಾಲು ಮಣೆಯ ಮೇಲೆ ಚಾಚಿಕೊಂಡಿತ್ತು. ನನಗೆ ಆ ಕಾಲು ನೋಡಿ, ಆ ಸೀಸೆ ನೋಡಿ, ತಾಳ್ಮೆ ಅಲ್ಲ, ಶಾಸ್ತ್ರವೇ ಮುಗಿದುಹೋಯಿತು.

"ಅಕ್ಕ, ಅದು ತುಕ್ಕ ಹಿಡಿಯಾಕತ್ತಿದ್ದಲ್ಲ," ಎಂದೆ. "ಗುಳಿಗಿ ಒಳಗಿಂದ ತಿಕ್ಕಿ ತಿಕ್ಕಿ ತುಕ್ಕ ಹೊರಗ ಹಾಕಾಕತ್ತೈತಿ. ಹೊರಗ ಬೀಳೂದ ಕಾಣಾಕತ್ತೈತಿ ನಿನಗ."

ಅಕ್ಕ ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳ ಮುಖ ಅರಳಿತು.

"ಇಷ್ಟ ತುಕ್ಕ ಇತ್ತೇನ ಒಳಗ? ಬೀಳಲಿ ಬಿಡ. ಆ ಗುಳಿಗಿ ಡಬ್ಬಿ ಇತ್ಲಾಗ ಕೊಡ."

ಅಂದಿನಿಂದ ಅಕ್ಕ ಒಂದು ಹೊತ್ತೂ ತಪ್ಪದೆ ಗುಳಿಗೆ ನುಂಗುತ್ತಾಳೆ. ಹುಣ್ಣು ಮಾಯ್ದಿದೆ. ಸಕ್ಕರೆ ಹದದಲ್ಲಿದೆ. ಆಗಾಗ ಸೀಸೆಗೆ ಹನಿ ಹಾಕಿ, ಗುಲಾಬಿ ಬಂದರೆ ಸಂತೋಷಪಟ್ಟು ಓಣಿಯವರಿಗೆ ತೋರಿಸುತ್ತಾಳೆ. ನಾನು ಇದನ್ನು ಮುಮ್ತಾಜಳಿಗೆ ಹೇಳಿದಾಗ ಅವಳು ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ನಿನ್ನ ವಿದ್ಯಾರ್ಥಿ ಯಾರಾದರೂ ಫಲಿತಾಂಶ ಉಲ್ಟಾ ಬಂತೆಂದು ಅರ್ಥವನ್ನೇ ಉಲ್ಟಾ ಬರೆದರೆ ಏನು ಮಾಡುತ್ತೀ ಎಂದು ಕೇಳಿದಳು. ಫೇಲು ಮಾಡುತ್ತೇನೆ ಎಂದೆ. ಅದಾದ ಮೇಲೆ ಇಬ್ಬರೂ ಅವಳ ತವರಿನಿಂದ ಬಂದ ಸವಣೂರು ಖಾರದ ಪೊಟ್ಟಣ ಬಿಚ್ಚಿ ತಿಂದೆವು, ಕರಿದ ಎಣ್ಣೆಯ ಮಾತು ಎತ್ತಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಕತೆಯನ್ನು ಒಂದು ಪುಣ್ಯದ ಸುಳ್ಳು ಎಂದು ಒಳಗೇ ಇಟ್ಟುಕೊಳ್ಳುತ್ತಿದ್ದೆ. ಆದರೆ ಅಕ್ಕ ಯಾವ ವಿದ್ಯೆಯನ್ನೂ ಬಚ್ಚಿಡುವವಳಲ್ಲ. ಮೊನ್ನೆ ವೀರೇಶ ಫೋನು ಮಾಡಿದ. ದನಿಯಲ್ಲಿ ನಿಜವಾದ ಕೃತಜ್ಞತೆಯಿತ್ತು. ಇಷ್ಟು ದಿನ ರಸ ಕುಡಿದೂ ಬಣ್ಣ ಹೆಚ್ಚಾದವರು ಅವನನ್ನು ಬೈದು ಬಿಟ್ಟುಹೋಗುತ್ತಿದ್ದರಂತೆ. ಅವರಿಗೆ ಏನು ಹೇಳಬೇಕೆಂದು ಕಂಪನಿಯವರಿಗೂ ತಿಳಿದಿರಲಿಲ್ಲ. ಈಗ ಹಾನಗಲ್ ಮೇಡಂ ಹೇಳಿದ್ದಾರೆ, ತುಕ್ಕು ಹೊರಗೆ ಬೀಳುತ್ತಿದೆ ಎನ್ನುತ್ತಾನೆ, ಅವರು ಇನ್ನೊಂದು ಬಾಟಲಿ ಒಯ್ಯುತ್ತಾರೆ. ಬಣ್ಣ ಹೋದರೂ ರಸದ ಗುಣ, ಬಂದರೂ ರಸದ ಗುಣ. ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಆತ ಬಹಳ ವಿನಯದಿಂದ ಕೇಳಿದ:

"ಮೇಡಂ, ಬಣ್ಣ ಹೆಚ್ಚೂ ಆಗವಲ್ದು, ಕಡಿಮಿನೂ ಆಗವಲ್ದು ಅನ್ನೂ ಮಂದಿಗೆ ಏನ ಹೇಳೂಣ್ರಿ?"

ಫೋನು ಕುಕ್ಕಿದೆ. ಅಷ್ಟು ಮಾನ ಇನ್ನೂ ಉಳಿದಿದೆ. ಆದರೆ ಕುಕ್ಕುವ ಮೊದಲು, ಆತನ ಮಾತು ಮುಗಿಯುವಷ್ಟರಲ್ಲೇ, ಅದಕ್ಕೊಂದು ಬಹಳ ಒಳ್ಳೆಯ ಉತ್ತರ ನನಗೆ ಹೊಳೆದುಬಿಟ್ಟಿತ್ತು.